ಬದ್ಧನಿಗೆ ಬಂಧುವಾಗುವುದು



ಸಂಸ್ಕೃತದಲ್ಲಿ 'ಬಂಧ್' ಎಂಬುದೊಂದು ಧಾತು. ಕಟ್ಟುವುದೆಂದು ಅದರ ಅರ್ಥ. ಈ ಧಾತುವಿನಿಂದ ಹುಟ್ಟಿದ ಅನೇಕ ಶಬ್ದಗಳು ನಮ್ಮ ಕನ್ನಡದ ದಿನಬಳಕೆಯಲ್ಲಿ ಸೇರಿಹೋಗಿವೆ. ಬಂಧನವೆಂದರೆ ಕಟ್ಟು, ಬದ್ಧನೆಂದರೆ ಕಟ್ಟಿಗೆ ಸಿಕ್ಕಿದವನು. ಬಂಧುವೆಂಬ ಶಬ್ದಕ್ಕೂ ಇದೇ ಧಾತುವು ಮೂಲವೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬದ್ಧನನ್ನು ಕಟ್ಟಿರುವುದು ಕಬ್ಬಿಣ. ಬಂಧುವನ್ನು ಕಟ್ಟಿರುವುದು ಪ್ರೀತಿ. ಅನ್ಯಾಯವಾಗಿ ಬದ್ಧನಾದವನನ್ನು ಬಿಡಿಸಬೇಕಾದವರು ಯಾರು ಎಂಬ ಪ್ರಶ್ನೆಗೆ ಶಬ್ದಶಾಸ್ತ್ರವೇ ಉತ್ತರ ಕೊಟ್ಟಂತಿದೆ: ಅವನ ಬಂಧುಗಳು. ಆದರೆ ಪರದೇಶದ ಕಾರಾಗೃಹದಲ್ಲಿ, ತನ್ನ ಭಾಷೆಯನ್ನರಿಯದ ಕಾವಲುಗಾರರ ನಡುವೆ ಒಬ್ಬನು ಬಿದ್ದಿದ್ದರೆ ಅವನಿಗೆ ಬಂಧುವಾಗುವವರು ಯಾರು? ಈ ಚಿಂತನೆಗೆ ಇದನ್ನೇ ವಿಷಯವಾಗಿ ಎತ್ತಿಕೊಂಡಿದ್ದೇವೆ.

ನಮ್ಮ ಆಗಮಗಳು ಪತಿ, ಪಶು, ಪಾಶ ಎಂಬ ಮೂರು ತತ್ತ್ವಗಳನ್ನು ಹೇಳುತ್ತವೆ. ಪಾಶಕ್ಕೆ ಸಿಕ್ಕಿದ ಜೀವನು ಪಶು. ಪಾಶವನ್ನು ಕಳೆಯುವ ಶಿವನು ಪತಿ. ಮಲಪಾಶವನ್ನು ಕಳೆಯುವುದು ಶಿವನ ಅನುಗ್ರಹದಿಂದ, ಗುರುವಿನ ಕಾರುಣ್ಯದಿಂದ ಆಗಬೇಕಾದ ಕಾರ್ಯ. ಆದರೆ ಮನುಷ್ಯನು ಮನುಷ್ಯನಿಗೆ ಹಾಕಿದ ಪಾಶವೊಂದುಂಟು. ಅದನ್ನು ಕಳೆಯೆಂದು ಶಿವನನ್ನು ಕರೆದು ನಾವು ಸುಮ್ಮನೆ ಕುಳಿತರೆ ಸಲ್ಲದು. ಆ ಗಂಟನ್ನು ಹಾಕಿದ ಕೈ ಮನುಷ್ಯನದು. ಬಿಚ್ಚಬೇಕಾದ ಕೈಯೂ ಮನುಷ್ಯನದೇ. ಸೆರೆಯಾಳಿನ ಮಾತು ಬಂದಾಗ "ಎಲ್ಲವೂ ಅವನವನ ಕರ್ಮಫಲ" ಎನ್ನುವವರುಂಟು. ಅವರು ಕರ್ಮಸಿದ್ಧಾಂತವನ್ನು ತಮ್ಮ ಆಲಸ್ಯಕ್ಕೆ ಹೊದಿಕೆಯಾಗಿ ಹೊದ್ದುಕೊಂಡವರು. ಅವನಿಗಾಗಿ ನಾವು ಆಡಬೇಕಾದ ಮಾತು, ಬರೆಯಬೇಕಾದ ಪತ್ರ, ಇವೂ ಕರ್ಮವೇ ಅಲ್ಲವೆ? ಅದನ್ನು ಮಾಡದೆ ಬಿಟ್ಟುದರ ಫಲವು ಯಾರಿಗೆ ಸಲ್ಲಬೇಕು?

ಶರಣರು ಕಾಯವನ್ನು ದೇವಾಲಯವೆಂದು ಕಂಡವರು. ಕಾಯದಿಂದ ಮಾಡುವ ದುಡಿಮೆಯನ್ನು ಕಾಯಕವೆಂದು ಕರೆದು ಅದನ್ನು ಪೂಜೆಯ ಮಟ್ಟಕ್ಕೆ ಏರಿಸಿದವರು. ಕಾಯಕ್ಕೆ ಇಷ್ಟು ಬೆಲೆಯಿದ್ದಮೇಲೆ ನ್ಯಾಯವಿಲ್ಲದೆ ಅದನ್ನು ಕತ್ತಲೆಯ ಕೋಣೆಯಲ್ಲಿ ಮುಚ್ಚಿಡುವುದು ದೇವಾಲಯದ ಬಾಗಿಲಿಗೆ ಬೀಗ ಜಡಿದಂತಲ್ಲವೆ? ಪಾಶ್ಚಾತ್ಯ ನ್ಯಾಯಶಾಸ್ತ್ರದಲ್ಲಿ 'ಹೇಬಿಯಸ್ ಕಾರ್ಪಸ್' ಎಂಬೊಂದು ಆಜ್ಞೆಯುಂಟು. ಲ್ಯಾಟಿನ್ ಭಾಷೆಯ ಆ ಮಾತಿನ ತಾತ್ಪರ್ಯವು ದೇಹವನ್ನು ತಂದು ನಿಲ್ಲಿಸೆಂಬುದು. ಸೆರೆಯಲ್ಲಿಟ್ಟವನನ್ನು ನ್ಯಾಯಾಧೀಶರ ಮುಂದೆ ತಂದು ನಿಲ್ಲಿಸಿ, ಯಾವ ಕಾನೂನಿನ ಪ್ರಕಾರ ಹಿಡಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು. ಇಂಗ್ಲೆಂಡಿನಲ್ಲಿ 1679ರಲ್ಲಿ ಇದಕ್ಕೊಂದು ಶಾಸನವೇ ಆಯಿತು. ನಮ್ಮ ರಾಜ್ಯಾಂಗದ 32 ಮತ್ತು 226ನೆಯ ವಿಧಿಗಳು ಸರ್ವೋಚ್ಚ ನ್ಯಾಯಾಲಯಕ್ಕೂ ಉಚ್ಚ ನ್ಯಾಯಾಲಯಗಳಿಗೂ ಈ ಅಧಿಕಾರವನ್ನು ಕೊಟ್ಟಿವೆ. ಹಿಡಿದವನಿಗೆ ಕಾರಣ ತಿಳಿಸಬೇಕು, ವಕೀಲನನ್ನು ಕಾಣಗೊಡಬೇಕು, ದಾರಿಯ ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂದು 22ನೆಯ ವಿಧಿಯು ಹೇಳುತ್ತದೆ. ಮುಂಜಾಗ್ರತೆಯ ಬಂಧನದಂಥ ಅಪವಾದಗಳು ಅದರಲ್ಲೇ ಇವೆಯಾದರೂ ಸಾಮಾನ್ಯ ನಿಯಮವು ಇದೇ. ಯಾರನ್ನೂ ಮನಬಂದಂತೆ ಹಿಡಿದಿಡಕೂಡದೆಂದು 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 9ನೆಯ ವಿಧಿಯೂ ಸಾರುತ್ತದೆ.

ಇಷ್ಟೆಲ್ಲ ಇದ್ದರೂ ಒಂದು ತೊಡಕುಂಟು. ನ್ಯಾಯಾಲಯದ ಆಜ್ಞೆಯು ದೇಶದ ಎಲ್ಲೆಯವರೆಗೆ ನಡೆಯುತ್ತದೆ. ಎಲ್ಲೆಯ ಆಚೆಗೆ ಅದು ಬರಿಯ ಕಾಗದ. ತನ್ನವರಿಂದ ದೂರವಾಗಿ ಹೊರನಾಡಿನಲ್ಲಿ ಸೆರೆಯಾದವನ ಪಾಲಿಗೆ ತಾಯ್ನಾಡಿನ ನ್ಯಾಯಾಧೀಶರು ಇದ್ದೂ ಇಲ್ಲದಂತೆ. ಅದಕ್ಕಾಗಿ 1963ರಲ್ಲಿ ವಿಯೆನ್ನಾ ನಗರದಲ್ಲಿ ರಾಷ್ಟ್ರಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಪರದೇಶದವನನ್ನು ಹಿಡಿದರೆ, ನಿನ್ನ ದೇಶದ ರಾಯಭಾರ ಕಚೇರಿಗೆ ತಿಳಿಸಬಹುದೆಂಬ ಹಕ್ಕನ್ನು ಅವನಿಗೆ ತಡಮಾಡದೆ ಹೇಳಬೇಕು. ಆ ಕಚೇರಿಯವರು ಬಂದು ಅವನನ್ನು ಕಾಣಲು ಬಿಡಬೇಕು. ಒಪ್ಪಂದದ 36ನೆಯ ವಿಧಿಯ ಸಾರವಿದು. ಪಾಕಿಸ್ತಾನದ ಸೈನಿಕ ನ್ಯಾಯಾಲಯದಿಂದ ಮರಣದಂಡನೆಗೆ ಗುರಿಯಾದ ಕುಲಭೂಷಣ ಜಾಧವರ ವಿಷಯದಲ್ಲಿ ಭಾರತವು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದುದು ಈ ವಿಧಿಯ ಆಧಾರದಿಂದಲೇ. ಪಾಕಿಸ್ತಾನವು ಈ ವಿಧಿಯನ್ನು ಉಲ್ಲಂಘಿಸಿದೆಯೆಂದೂ ತೀರ್ಪನ್ನು ಮರುಪರಿಶೀಲಿಸಬೇಕೆಂದೂ 2019ರ ಜುಲೈ 17ರಂದು ಆ ನ್ಯಾಯಾಲಯವು ಹೇಳಿತು. ಆದರೆ ಅವರನ್ನು ಬಿಡುಗಡೆ ಮಾಡೆಂದು ಆಜ್ಞಾಪಿಸಲಿಲ್ಲ. ಶಾಸ್ತ್ರವು ಎಷ್ಟು ದೂರ ನಡೆಯಬಲ್ಲುದೆಂಬುದಕ್ಕೆ ಇದೊಂದು ಅಳತೆ.

ಶಾಸ್ತ್ರದ ಹಾದಿ ಮುಗಿದಲ್ಲಿ ಉಳಿಯುವ ಸಾಧನವು ಒಂದೇ, ಅದು ನುಡಿ. ಬೇಡುವ ನುಡಿ, ನೆನಪಿಸುವ ನುಡಿ, ನಾಚಿಸುವ ನುಡಿ. ನಮ್ಮ ಸರ್ವೋಚ್ಚ ನ್ಯಾಯಾಲಯವೇ ಒಮ್ಮೆ ಇದನ್ನು ಮಾಡಿ ತೋರಿಸಿತು. ಗೋಪಾಲದಾಸರೆಂಬ ಭಾರತೀಯರು 1984ರಿಂದ ಪಾಕಿಸ್ತಾನದ ಸೆರೆಯಲ್ಲಿದ್ದರು. ಬೇಹುಗಾರಿಕೆಯ ಆರೋಪದ ಮೇಲೆ ಅವರಿಗೆ ಅಲ್ಲಿ ಶಿಕ್ಷೆಯಾಗಿತ್ತು. ಅವರ ಸಹೋದರರು ನ್ಯಾಯಾಲಯದ ಮೊರೆಹೊಕ್ಕಾಗ, 2011ರ ಮಾರ್ಚ್ ತಿಂಗಳಲ್ಲಿ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜುರವರ ಪೀಠವು, ಪಾಕಿಸ್ತಾನಕ್ಕೆ ಆಜ್ಞೆ ಮಾಡುವ ಅಧಿಕಾರ ನಮಗಿಲ್ಲವೆಂದು ಸ್ಪಷ್ಟವಾಗಿ ಹೇಳಿ, ದಯೆ ತೋರಿರೆಂದು ಅಲ್ಲಿನ ಅಧಿಕಾರಿಗಳನ್ನು ಬೇಡಿಕೊಂಡಿತು. ದೇಶದ ಅತ್ಯುಚ್ಚ ಪೀಠವು ಆಜ್ಞೆಯ ದಂಡವನ್ನು ಬದಿಗಿಟ್ಟು ಕೈಮುಗಿದಂತಾಯಿತು. ಅದೇ ತಿಂಗಳಲ್ಲೇ ಆ ದೇಶದ ಅಧ್ಯಕ್ಷರು ಉಳಿದ ಶಿಕ್ಷೆಯನ್ನು ಮನ್ನಿಸಿದರು; ಇಪ್ಪತ್ತೇಳು ವರ್ಷಗಳ ಮೇಲೆ ಗೋಪಾಲದಾಸರು ವಾಘಾ ಗಡಿಯನ್ನು ದಾಟಿ ಬಂದರು. ಅಧಿಕಾರವಿದ್ದವರು ಬೇಡಿದಾಗ ಹೀಗಾಯಿತು ಸರಿ. ಅಧಿಕಾರದ ಗಂಧವೂ ಇಲ್ಲದ ಸಾಮಾನ್ಯರ ನುಡಿಗೆ ಬೆಲೆಯುಂಟೆ ಎಂದು ಕೇಳಬಹುದು. ಅದಕ್ಕೆ ಉತ್ತರವು 1961ರ ಲಂಡನ್ನಿನಲ್ಲಿ ದೊರೆಯುತ್ತದೆ.

ಪೀಟರ್ ಬೆನೆನ್ಸನ್ ಎಂಬವರು ಇಂಗ್ಲೆಂಡಿನ ಒಬ್ಬ ವಕೀಲರು. ಸಾಲಜಾರನ ಸರ್ವಾಧಿಕಾರದಲ್ಲಿದ್ದ ಪೋರ್ಚುಗಲ್ ದೇಶದಲ್ಲಿ ಇಬ್ಬರು ವಿದ್ಯಾರ್ಥಿಗಳು ಸ್ವಾತಂತ್ರ್ಯದ ಹೆಸರಿನಲ್ಲಿ ಪಾನಪಾತ್ರೆಯನ್ನೆತ್ತಿದ ಕಾರಣಕ್ಕೆ ಸೆರೆಗೆ ಹೋದರೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಮ್ಮ ಮನಸ್ಸು ಕುದಿಯಿತೆಂದು ಅವರು ಹೇಳಿಕೊಂಡಿದ್ದಾರೆ. ಅಂಥ ಸುದ್ದಿಯನ್ನು ಓದಿ ಕುದಿಯುವವರು ಲಕ್ಷಗಟ್ಟಲೆ. ಮರುದಿನದ ಪತ್ರಿಕೆ ಬರುವ ಹೊತ್ತಿಗೆ ಮರೆಯುವವರೂ ಅಷ್ಟೇ ಮಂದಿ. ಬೆನೆನ್ಸನ್ನರು ಮರೆಯಲಿಲ್ಲ. 1961ರ ಮೇ 28ರಂದು 'ಅಬ್ಸರ್ವರ್' ಪತ್ರಿಕೆಯಲ್ಲಿ ಮರೆತುಹೋದ ಸೆರೆಯಾಳುಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿ, ಜನರೆಲ್ಲ ಸೇರಿ ಇವರ ಬಿಡುಗಡೆಯನ್ನು ಕೇಳಬೇಕೆಂದು ಕರೆಕೊಟ್ಟರು. ಒಂದು ವರ್ಷದ ಮಟ್ಟಿಗೆಂದು ಆರಂಭವಾದ ಈ ಪ್ರಯತ್ನವೇ ಬೆಳೆದು 'ಆಮ್ನೆಸ್ಟಿ ಇಂಟರ್‌ನ್ಯಾಶನಲ್' ಎಂಬ ಸಂಸ್ಥೆಯಾಯಿತು. 1977ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪಾರಿತೋಷಕವೂ ಬಂದಿತು. ಮುಳ್ಳುತಂತಿ ಸುತ್ತಿದ ಉರಿಯುವ ಮೇಣದಬತ್ತಿಯು ಅದರ ಲಾಂಛನ. ತಂತಿಯು ಬತ್ತಿಯನ್ನು ಕಟ್ಟಬಹುದು, ಬೆಳಕನ್ನು ಕಟ್ಟಲಾರದು.

ಆ ಸಂಸ್ಥೆಯವರು ಮೊದಮೊದಲು ಇಟ್ಟುಕೊಂಡ ಒಂದು ನಿಯಮವು ವಿಚಾರಮಾಡತಕ್ಕದ್ದು. ಆಗ ಜಗತ್ತು ಪಾಶ್ಚಾತ್ಯರ ಬಣ, ಕಮ್ಯೂನಿಸ್ಟರ ಬಣ, ಎರಡಕ್ಕೂ ಸೇರದ ಮೂರನೆಯ ಜಗತ್ತು ಎಂದು ಒಡೆದಿತ್ತು. ಊರೂರಿನ ಸಣ್ಣ ಸಣ್ಣ ಗುಂಪುಗಳು ತಲಾ ಮೂವರು ಸೆರೆಯಾಳುಗಳನ್ನು ತಮ್ಮವರೆಂದು ಸ್ವೀಕರಿಸಬೇಕು. ಮೂವರೂ ಬೇರೆ ಬೇರೆ ಕಡೆಯವರಾಗಿರಬೇಕು. ತನ್ನ ಪಕ್ಷದವನ ಸೆರೆಗೆ ಮಾತ್ರ ಅಳುವವನು ಅಳುತ್ತಿರುವುದು ಪಕ್ಷಕ್ಕಾಗಿ, ಮನುಷ್ಯನಿಗಾಗಿಯಲ್ಲ. ಬಂದವನನ್ನು ಯಾರವನೆಂದು ವಿಚಾರಿಸದೆ ನಮ್ಮವನೆಂದು ಎಣಿಸಬೇಕೆಂದು ಬಸವಣ್ಣನವರು ಬೋಧಿಸಿದುದನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆ ಲಂಡನ್ನಿನ ಜನರು ಬಸವಣ್ಣನವರ ಹೆಸರನ್ನು ಕೇಳಿರಲಿಕ್ಕಿಲ್ಲ; ಆದರೆ ಬೋಧೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಂಡಂತೆ ಅನುಷ್ಠಾನಕ್ಕೆ ತಂದರು.

ಅವರು ಮಾಡಿದ ಕೆಲಸವಾದರೂ ಏನು? ಪತ್ರ ಬರೆದರು. ಸೆರೆಯಾಳಿಗೆ, ಜೈಲಿನ ಅಧಿಕಾರಿಗೆ, ಮಂತ್ರಿಗೆ, ಅಧ್ಯಕ್ಷನಿಗೆ. ವಿನಯದಿಂದ, ಹೆಸರು ಹಿಡಿದು, ಮತ್ತೆ ಮತ್ತೆ. ಡೊಮಿನಿಕನ್ ಗಣರಾಜ್ಯದಲ್ಲಿ 1975ರಲ್ಲಿ ಸೆರೆಯಾದ ಒಬ್ಬ ಕಾರ್ಮಿಕ ನಾಯಕನು ತನ್ನ ಅನುಭವವನ್ನು ಹೇಳಿಕೊಂಡಿದ್ದಾನೆ. ಅವನನ್ನು ನೆಲಮಾಳಿಗೆಯಲ್ಲಿ ಬಟ್ಟೆಯಿಲ್ಲದೆ ಇರಿಸಿದ್ದರು. ಮೊದಲು ಕೆಲವು ನೂರು ಪತ್ರಗಳು ಬಂದಾಗ ಬಟ್ಟೆ ಮರಳಿ ದೊರೆಯಿತು. ಮತ್ತಷ್ಟು ಬಂದಾಗ ಸೆರೆಮನೆಯ ಅಧಿಕಾರಿಯೇ ಅವನನ್ನು ಕಾಣಬಂದನು. ಪತ್ರಗಳ ರಾಶಿಯು ಬೆಳೆಯುತ್ತ ಹೋಗಿ ಸುದ್ದಿಯು ದೇಶದ ಅಧ್ಯಕ್ಷನವರೆಗೆ ಮುಟ್ಟಿತು. ಕಡೆಗೆ ಬಾಗಿಲು ತೆರೆಯಿತು. ಬರೆದವರಲ್ಲಿ ಒಬ್ಬರ ಪತ್ರದಿಂದಲೂ ಬಾಗಿಲು ತೆರೆಯಲಿಲ್ಲ; ಒಬ್ಬರ ಪತ್ರವೂ ವ್ಯರ್ಥವಾಗಲಿಲ್ಲ.

ಇಲ್ಲಿ ನುಲಿಯ ಚಂದಯ್ಯನವರ ಕಾಯಕವು ನೆನಪಿಗೆ ಬರುತ್ತದೆ. ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು, ಮಾರಿ, ಬಂದುದರಲ್ಲಿ ದಾಸೋಹ ಮಾಡಿದ ಶರಣರು ಅವರು. ಒಂದು ಎಳೆ ಹುಲ್ಲು ಮಗುವಿನ ಬೆರಳಿಗೂ ತುಂಡಾಗುತ್ತದೆ. ಎಳೆಗೆ ಎಳೆ ಸೇರಿ ಹುರಿಗೊಂಡಾಗ ಅದೇ ಹುಲ್ಲು ತುಂಬಿದ ಗಾಡಿಯನ್ನು ಬಿಗಿದು ನಿಲ್ಲಿಸುತ್ತದೆ. ಹಗ್ಗದ ಇನ್ನೊಂದು ಗುಣವನ್ನೂ ಗಮನಿಸಿರಿ. ಕೈಕಾಲು ಕಟ್ಟುವುದಕ್ಕೂ ಹಗ್ಗವೇ ಬೇಕು. ಬಾವಿಗೆ ಬಿದ್ದವನನ್ನು ಮೇಲೆತ್ತುವುದಕ್ಕೂ ಹಗ್ಗವೇ ಬೇಕು. ನುಡಿಯೂ ಹಾಗೆಯೇ. ಅದು ಬಂಧಿಸಲೂ ಬಲ್ಲುದು, ಬಿಡಿಸಲೂ ಬಲ್ಲುದು. ಈ ಎರಡು ಗುಣಗಳನ್ನೂ ಒಂದೇ ಪ್ರಕರಣದಲ್ಲಿ ಕಾಣಬೇಕಾದರೆ ನಾಜನಿನ್ ಜಘಾರಿ ರಾಟ್ಕ್ಲಿಫ್ ಎಂಬ ತಾಯಿಯ ಕಥೆಯನ್ನು ತಿಳಿಯಬೇಕು.

ನಾಜನಿನ್ ಹುಟ್ಟಿನಿಂದ ಇರಾನಿನವರು. ಇಂಗ್ಲೆಂಡಿನಲ್ಲಿ ನೆಲಸಿ ಅಲ್ಲಿಯ ಪ್ರಜೆಯೂ ಆದವರು. ಲಂಡನ್ನಿನ ಒಂದು ಧರ್ಮಾರ್ಥ ಸಂಸ್ಥೆಯಲ್ಲಿ ಕೆಲಸಕ್ಕಿದ್ದವರು. 2016ರ ಮಾರ್ಚಿಯಲ್ಲಿ, ಎರಡು ವರ್ಷ ತುಂಬದ ಮಗಳನ್ನೆತ್ತಿಕೊಂಡು ಇರಾನಿಗಳ ಹೊಸವರ್ಷದ ಹಬ್ಬಕ್ಕೆ ತವರಿಗೆ ಹೋದರು. ಏಪ್ರಿಲ್ 3ರಂದು ಹಿಂತಿರುಗಲು ಟೆಹರಾನಿನ ವಿಮಾನ ನಿಲ್ದಾಣಕ್ಕೆ ಬಂದಾಗ ಅವರನ್ನು ಹಿಡಿದರು. ಮಗುವಿನ ಪಾಸ್‌ಪೋರ್ಟನ್ನು ಕಿತ್ತುಕೊಂಡರು. ಮಗು ಅಜ್ಜ ಅಜ್ಜಿಯರ ಕೈಸೇರಿತು. ತಾಯಿ ಮೊದಲು ಏಕಾಂತದ ಸೆರೆಗೆ, ಅನಂತರ ಎವಿನ್ ಕಾರಾಗೃಹಕ್ಕೆ ಹೋದರು. ಸರಕಾರವನ್ನು ಉರುಳಿಸುವ ಸಂಚು ಮಾಡಿದರೆಂಬುದು ಆರೋಪ; ಆಕೆ ಅದನ್ನು ಎಂದಿಗೂ ಒಪ್ಪಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಐದು ವರ್ಷಗಳ ಶಿಕ್ಷೆಯಾಯಿತು. ಎರಡು ದೇಶಗಳ ಪ್ರಜೆಯಾಗಿರುವುದನ್ನು ಇರಾನ್ ಮಾನ್ಯ ಮಾಡುವುದಿಲ್ಲವಾದ ಕಾರಣ, ಮೇಲೆ ಹೇಳಿದ ವಿಯೆನ್ನಾ ಒಪ್ಪಂದದ ನೆರಳೂ ಆಕೆಗೆ ದೊರೆಯಲಿಲ್ಲ. ಈ ಬಂಧನವು ನ್ಯಾಯಕ್ಕೆ ಹೊರತಾದುದೆಂದು ವಿಶ್ವಸಂಸ್ಥೆಯ ತಜ್ಞಮಂಡಲಿಯು 2016ರಲ್ಲಿಯೇ ಅಭಿಪ್ರಾಯಪಟ್ಟಿತು. ಆದರೆ ಅಭಿಪ್ರಾಯಕ್ಕೆ ಬೀಗದ ಕೈಯಿಲ್ಲ.

ಆಕೆಯ ಪತಿ ರಿಚರ್ಡ್ ರಾಟ್ಕ್ಲಿಫ್ ಲೆಕ್ಕಪತ್ರದ ಉದ್ಯೋಗದವರು, ರಾಜಕೀಯದವರಲ್ಲ. ಮೌನವಾಗಿರುವುದೇ ಕ್ಷೇಮವೆಂಬ ಸಲಹೆ ಅವರಿಗೂ ಬಂದಿತು. ಕೆಲವು ವಾರ ಮೌನವಾಗಿದ್ದು ನೋಡಿ, 2016ರ ಮೇ ತಿಂಗಳಲ್ಲಿ ಬಾಯ್ಬಿಟ್ಟರು. ಜನರ ಸಹಿಗಳನ್ನು ಕೂಡಿಸಿದರು, ಪತ್ರಿಕೆಗಳವರೊಡನೆ ಮಾತಾಡಿದರು. ಅವರ ಕ್ಷೇತ್ರದ ಪ್ರತಿನಿಧಿ ಟುಲಿಪ್ ಸಿದ್ದೀಕರು ಪಾರ್ಲಿಮೆಂಟಿನಲ್ಲಿ ಪದೇಪದೇ ಪ್ರಶ್ನೆಯನ್ನೆತ್ತಿದರು. 2019ರಲ್ಲಿ ಹೆಂಡತಿಯು ಸೆರೆಯಲ್ಲಿಯೂ ಗಂಡನು ಲಂಡನ್ನಿನ ಇರಾನ್ ರಾಯಭಾರ ಕಚೇರಿಯ ಬಾಗಿಲಲ್ಲಿಯೂ ಏಕಕಾಲಕ್ಕೆ ಹದಿನೈದು ದಿನ ಉಪವಾಸ ಮಾಡಿದರು. ಅದೇ ವರ್ಷ ಮಗಳು ತಂದೆಯ ಬಳಿಗೆ ಮರಳಿದಳು. 2021ರ ಮಾರ್ಚಿಯಲ್ಲಿ ಐದು ವರ್ಷ ಮುಗಿಯಿತು. ಏಪ್ರಿಲಿನಲ್ಲಿ ಹೊಸದೊಂದು ಆರೋಪದ ಮೇಲೆ ಮತ್ತೊಂದು ವರ್ಷದ ಶಿಕ್ಷೆ ಬಂದಿತು. ಆ ಶರತ್ಕಾಲದಲ್ಲಿ ರಿಚರ್ಡರು ಮತ್ತೆ ಉಪವಾಸ ಕುಳಿತರು. ಈ ಸಲ ಕುಳಿತದ್ದು ತಮ್ಮದೇ ಸರಕಾರದ ವಿದೇಶಾಂಗ ಕಚೇರಿಯ ಮುಂದೆ, ಇಪ್ಪತ್ತೊಂದು ದಿನ. ಕಡೆಗೆ 2022ರ ಮಾರ್ಚ್ 16ರಂದು ನಾಜನಿನ್ನರ ಬಿಡುಗಡೆಯಾಯಿತು. ತೊಡೆಯ ಮೇಲೆ ಬಿಟ್ಟು ಹೋದ ಮಗು ಅಷ್ಟರಲ್ಲಿ ಶಾಲೆಗೆ ಹೋಗುವ ಹುಡುಗಿಯಾಗಿತ್ತು.

ಈ ಆರು ವರ್ಷಗಳಲ್ಲಿ ನುಡಿಯು ಹಗ್ಗವಾಗಿ ಎತ್ತಿದುದನ್ನು ಕಂಡೆವು. ಅದೇ ನುಡಿಯು ಕಟ್ಟಿದ ಸಂದರ್ಭವೂ ಒಂದುಂಟು. 2017ರ ನವೆಂಬರಿನಲ್ಲಿ ಆಗಿನ ವಿದೇಶಾಂಗ ಮಂತ್ರಿಗಳಾಗಿದ್ದ ಬೋರಿಸ್ ಜಾನ್ಸನ್ನರು ಪಾರ್ಲಿಮೆಂಟಿನ ಸಮಿತಿಯ ಮುಂದೆ ಮಾತಾಡುತ್ತ, ಆಕೆ ಅಲ್ಲಿ ಜನರಿಗೆ ಪತ್ರಿಕೋದ್ಯಮವನ್ನು ಕಲಿಸುತ್ತಿದ್ದರೆಂದು ತಾವು ತಿಳಿದಿರುವುದಾಗಿ ಹೇಳಿಬಿಟ್ಟರು. ಅದು ನಿಜವಾಗಿರಲಿಲ್ಲ, ಆಕೆ ಹೋದುದು ತವರನ್ನು ಕಾಣಲು. ಕೆಲವೇ ದಿನಗಳಲ್ಲಿ ಇರಾನಿನ ನ್ಯಾಯಾಲಯವು ಆಕೆಯನ್ನು ಕರೆಸಿ ಆ ಮಾತನ್ನೇ ಆಕೆಯ ವಿರುದ್ಧ ಎತ್ತಿಹಿಡಿಯಿತು. ದ್ವೇಷದಿಂದ ಆಡಿದ ಮಾತಲ್ಲ, ಅಜಾಗ್ರತೆಯಿಂದ ಆಡಿದುದು. ಆದರೂ ಬಿಡಿಸಬೇಕಾದ ನಾಲಗೆಯೇ ಇನ್ನೊಂದು ಸುತ್ತು ಹಗ್ಗವನ್ನು ಬಿಗಿದಂತಾಯಿತು. ಶರಣರು ನುಡಿಯನ್ನು ತೂಗಿ ಆಡಬೇಕೆಂದು ಅಷ್ಟು ಒತ್ತಿ ಹೇಳಿದುದು ಸಭಾಮರ್ಯಾದೆಗಾಗಿ ಮಾತ್ರವಲ್ಲ. ಸೆರೆಯಲ್ಲಿರುವವರ ಪರವಾಗಿ ಮಾತಾಡುವವನು ತಿಳಿಯದುದನ್ನು ತಿಳಿದಂತೆ ಹೇಳಕೂಡದು, ಒಂದನ್ನು ಎರಡು ಮಾಡಕೂಡದು. ಅವನ ತಪ್ಪಿಗೆ ದಂಡ ತೆರುವವನು ಬೇರೊಬ್ಬನು.

ಈ ಕಥೆಯಲ್ಲಿ ಸಾಲದ ಮಾತೂ ಬರುತ್ತದೆ. ಹಿಂದೆ ಷಾ ದೊರೆಯ ಕಾಲದಲ್ಲಿ ಇರಾನ್ ಸರಕಾರವು ಟ್ಯಾಂಕುಗಳಿಗಾಗಿ ಇಂಗ್ಲೆಂಡಿಗೆ ಮುಂಗಡ ಹಣ ಕೊಟ್ಟಿತ್ತು. 1979ರ ಕ್ರಾಂತಿಯಾದ ಮೇಲೆ ಉಳಿದ ಟ್ಯಾಂಕುಗಳು ಹೋಗಲಿಲ್ಲ, ಹಣವೂ ಹಿಂತಿರುಗಲಿಲ್ಲ. ತನ್ನ ಹೆಂಡತಿಯು ಈ ಸಾಲಕ್ಕೆ ಒತ್ತೆಯಾಗಿ ಸಿಕ್ಕಿದ್ದಾಳೆಂದು ರಿಚರ್ಡರು ಹೇಳುತ್ತ ಬಂದರು; ಸರಕಾರವು ಎರಡೂ ಬೇರೆ ಬೇರೆ ವಿಷಯಗಳೆನ್ನುತ್ತ ಬಂದಿತು. ಬಿಡುಗಡೆಯ ದಿನವೇ, ಮೂವತ್ತೊಂಬತ್ತು ಕೋಟಿ ಪೌಂಡುಗಳಿಗೂ ಮಿಕ್ಕ ಆ ಸಾಲವು ತೀರಿತೆಂಬ ಸುದ್ದಿಯೂ ಹೊರಬಂದಿತು. ಹಣ ಕೊಟ್ಟು ಬಿಡಿಸಿಕೊಂಡರೆ ಹಿಡಿಯುವವರಿಗೆ ರುಚಿ ಹತ್ತುವುದಿಲ್ಲವೆ ಎಂಬ ಆಕ್ಷೇಪವುಂಟು. ಅದು ಅಲ್ಲಗಳೆಯತಕ್ಕ ಆಕ್ಷೇಪವಲ್ಲ. ಆದರೆ ಕೊಡಬೇಕಾದ ಸಾಲವು ಬೇರೆ, ಸುಲಿಗೆಯ ಹಣವು ಬೇರೆ. ಸಾಲವನ್ನು ಸಾಲವೆಂದು ಸಕಾಲದಲ್ಲಿ ತೀರಿಸಿದ್ದರೆ ಅದರ ನೆರಳು ಒಬ್ಬ ತಾಯಿಯ ಮೇಲೆ ಬೀಳುತ್ತಿರಲಿಲ್ಲ. ಮನುಷ್ಯರನ್ನು ಒತ್ತೆಯಿಡುವುದು ಮಹಾಪಾತಕ. ಋಣವನ್ನು ಉಳಿಸಿಕೊಂಡು ಅದಕ್ಕೆ ಎಡೆಮಾಡುವುದೂ ದೋಷವೇ.

ಇನ್ನು ಕೆಲವು ಸಂಶಯಗಳಿಗೆ ಸಮಾಧಾನ ಹೇಳಬೇಕು.

ಸೆರೆಯಲ್ಲಿರುವವನು ನಿಜವಾಗಿಯೂ ಅಪರಾಧಿಯಾಗಿದ್ದರೆ ಎಂಬುದು ಮೊದಲನೆಯದು. ನಾವು ಕೇಳುವುದು ಆರೋಪವನ್ನು ತಿಳಿಸೆಂದು, ವಕೀಲನನ್ನು ಕೊಡೆಂದು, ಬಹಿರಂಗವಾಗಿ ವಿಚಾರಿಸೆಂದು. ಕಳ್ಳನಿಗೂ ಇದು ಸಲ್ಲಬೇಕು. ವಿಚಾರಣೆಗೆ ಹೆದರುವವನು ಹಿಡಿದವನೇ ಆಗಿದ್ದರೆ ಅಪರಾಧವು ಎಲ್ಲಿದೆಯೆಂದು ಊಹಿಸುವುದು ಕಷ್ಟವಲ್ಲ.

ಎಲ್ಲರ ಪರವಾಗಿಯೂ ಒಂದೇ ಬಗೆಯಲ್ಲಿ ನಿಲ್ಲಬಹುದೆ ಎಂಬುದು ಎರಡನೆಯದು. ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲರನ್ನು ಆಮ್ನೆಸ್ಟಿಯವರು 1962ರಲ್ಲಿ ತಮ್ಮ ಸೆರೆಯಾಳೆಂದು ಸ್ವೀಕರಿಸಿದ್ದರು. ವಿಧ್ವಂಸಕ ಕೃತ್ಯದ ಆರೋಪದ ಮೇಲೆ 1964ರಲ್ಲಿ ಅವರಿಗೆ ಆಜೀವ ಶಿಕ್ಷೆಯಾದಾಗ, ಹಿಂಸೆಯನ್ನು ಆಶ್ರಯಿಸಿದವರನ್ನು ಅಂತಃಸಾಕ್ಷಿಯ ಸೆರೆಯಾಳೆಂದು ಕರೆಯಲಾಗದೆಂಬ ನಿಯಮದಂತೆ ಆ ಹೆಸರನ್ನು ಹಿಂತೆಗೆದುಕೊಂಡರು. ಸದಸ್ಯರಲ್ಲಿ ದೊಡ್ಡ ಚರ್ಚೆಯಾಯಿತು. ಬಹುಮತವು ನಿಯಮವನ್ನೇ ಎತ್ತಿಹಿಡಿಯಿತು. ಅದು ಸರಿಯೆ ತಪ್ಪೆ ಎಂದು ಇಂದಿಗೂ ವಾದಿಸಬಹುದು. ತುಳಿಯಲ್ಪಟ್ಟ ಜನರಿಗೆ ಬೇರೆ ದಾರಿಯನ್ನೇ ಬಿಡದ ರಾಜ್ಯದಲ್ಲಿ ಅಹಿಂಸೆಯ ಅಳತೆಗೋಲನ್ನು ಸೆರೆಯಾಳಿಗೆ ಹಿಡಿಯುವುದು ಕಠೋರವೆಂದೇ ನಮಗೆ ತೋರುತ್ತದೆ. ಆದರೆ ಒಂದು ವಿಷಯ ನಿಜ: ತನ್ನ ನಿಯಮಕ್ಕೆ ನಷ್ಟವಾದಾಗಲೂ ತಲೆಬಾಗುವವನ ಮಾತನ್ನು ವಿರೋಧಿಯೂ ಕಿವಿಗೊಟ್ಟು ಕೇಳುತ್ತಾನೆ.

ನಮ್ಮ ಮನೆಯನ್ನು ನೋಡಿಕೊಳ್ಳದೆ ಊರ ಚಿಂತೆಯೇಕೆ ಎಂಬುದು ಮೂರನೆಯದು. ಈ ಮಾತಿನಲ್ಲಿ ಹುರುಳುಂಟು. ನಮ್ಮ ಸೆರೆಮನೆಗಳಲ್ಲಿಯೂ ವಿಚಾರಣೆಗಾಗಿ ವರ್ಷಗಟ್ಟಲೆ ಕಾದು ಕುಳಿತವರಿದ್ದಾರೆ, ಪರದೇಶದವರೂ ಇದ್ದಾರೆ. ಡಾಕ್ಟರ್ ಖಲೀಲ್ ಚಿಸ್ತಿಯೆಂಬ ಪಾಕಿಸ್ತಾನದ ವೃದ್ಧ ವಿಜ್ಞಾನಿಯು 1992ರಲ್ಲಿ ತಾಯಿಯನ್ನು ಕಾಣಲು ಅಜ್ಮೀರಕ್ಕೆ ಬಂದು, ಕೊಲೆಯ ಮೊಕದ್ದಮೆಯೊಂದರಲ್ಲಿ ಸಿಕ್ಕಿ ಎರಡು ದಶಕ ಹಿಂತಿರುಗಲಾರದೆ ಹೋದರು. ಅವರ ಪರವಾಗಿ ನಿಂತವರು ಭಾರತೀಯರೇ. ಗೋಪಾಲದಾಸರಿಗಾಗಿ ನೆರೆರಾಜ್ಯವನ್ನು ಬೇಡಿದ ಕಾಟ್ಜುರವರೇ ಇವರಿಗಾಗಿ ನಮ್ಮ ಅಧಿಕಾರಿಗಳನ್ನೂ ಬೇಡಿದರು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರನ್ನು ಕೊಲೆಯ ಆರೋಪದಿಂದ ಬಿಡುಗಡೆ ಮಾಡಿತು. ಮನೆಯ ದೀಪವು ಕಿಟಕಿಯಿಂದ ಬೀದಿಗೂ ಬೀಳುತ್ತದೆ. ಒಳಗೆ ದೀಪವಿದ್ದವನಿಗೆ ಹೊರಗಿನ ಕತ್ತಲೆಯನ್ನು ಕುರಿತು ಮಾತಾಡುವ ಅಧಿಕಾರವುಂಟು.

ಹಾಗಾದರೆ ನಮ್ಮ ನಿಮ್ಮಂಥವರು ಮಾಡತಕ್ಕದ್ದೇನು? ಕರ್ನಾಟಕದಿಂದ ಕೊಲ್ಲಿಯ ರಾಜ್ಯಗಳಿಗೆ ಕೂಲಿಗೆ, ಮನೆಗೆಲಸಕ್ಕೆ, ಕಚೇರಿಯ ಕೆಲಸಕ್ಕೆ ಹೋದವರು ನಮ್ಮ ಊರೂರಿನಲ್ಲಿಯೂ ಇದ್ದಾರೆ. ಹೋಗುವವರ ಪಾಸ್‌ಪೋರ್ಟಿನ ಸಂಖ್ಯೆ, ಕೆಲಸ ಕೊಟ್ಟವರ ವಿಳಾಸ ಇವುಗಳ ಪ್ರತಿಯು ಮನೆಯಲ್ಲಿರಲಿ. ಯಾರಾದರೂ ಸೆರೆಯಾದರೆಂದು ತಿಳಿದಾಗ, ದಲ್ಲಾಳಿಯ ಕೈಗೆ ಹಣ ಸುರಿಯುವ ಮೊದಲು ಭಾರತದ ರಾಯಭಾರ ಕಚೇರಿಗೆ ಬರೆಯಿರಿ. ವಿದೇಶಾಂಗ ಮಂತ್ರಾಲಯವು ಇಂಥ ದೂರುಗಳಿಗೆಂದೇ 2015ರಲ್ಲಿ 'ಮದದ್' ಎಂಬ ವ್ಯವಸ್ಥೆಯನ್ನು ತೆರೆಯಿತು. ಓದುಬರಹ ಬಾರದ ತಂದೆತಾಯಿಗಳಿಗೆ ಅರ್ಜಿ ಬರೆದುಕೊಡಿರಿ. ಶಾಲೆಯ ಉಪಾಧ್ಯಾಯರಿಗೆ, ಮಠದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಮೇಲಾದ ಅಕ್ಷರದಾಸೋಹ ಯಾವುದು? ಕುಟುಂಬದವರು ಗದ್ದಲ ಬೇಡವೆಂದರೆ ಗದ್ದಲ ಬೇಡ. ಬೇಕೆಂದರೆ ಜತೆಗೆ ನಿಲ್ಲಿರಿ. ಆ ನಿರ್ಣಯವು ಅವರದು. ಬರೆದುದಕ್ಕೆ ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ಭಾರತ ಪಾಕಿಸ್ತಾನಗಳು 2008ರ ಒಪ್ಪಂದದಂತೆ ಪ್ರತಿವರ್ಷ ಜನವರಿ 1ರಂದು ಮತ್ತು ಜುಲೈ 1ರಂದು ತಮ್ಮಲ್ಲಿರುವ ಒಬ್ಬರೊಬ್ಬರ ಸೆರೆಯಾಳುಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಗೊತ್ತಿಲ್ಲದೆ ಕಡಲಿನ ಗೆರೆಯನ್ನು ದಾಟಿ ಹೋದ ಬಡ ಬೆಸ್ತರೂ ಆ ಪಟ್ಟಿಯಲ್ಲಿರುತ್ತಾರೆ. ಆ ಪಟ್ಟಿಯಲ್ಲಿ ಬರುವ ಪ್ರತಿಯೊಂದು ಹೆಸರಿನ ಹಿಂದೆಯೂ ಬಾಗಿಲನ್ನು ನೋಡುತ್ತ ಕುಳಿತ ಒಂದು ಮನೆಯಿದೆಯೆಂಬುದು ನೆನಪಿರಲಿ.

ಕಾಯಕವೆಂದರೆ ಒಂದು ದಿನದ ಆವೇಶವಲ್ಲ. ಲಿಂಗಪೂಜೆಯನ್ನು ನಾವು ದಿನವೂ ಮಾಡುತ್ತೇವೆ. ನಿನ್ನೆ ಮಾಡಿದೆನೆಂದು ಇಂದು ಬಿಡುವುದಿಲ್ಲ. ಸೆರೆಯಲ್ಲಿರುವವರ ಸ್ಮರಣೆಯೂ ಹಾಗೆಯೇ ನಿತ್ಯವಾಗಬೇಕು. ಏಕೆಂದರೆ ಅನ್ಯಾಯವಾಗಿ ಹಿಡಿದಿಡುವವನು ನಂಬಿರುವುದು ಗೋಡೆಯ ದಪ್ಪವನ್ನಲ್ಲ, ಹೊರಗಿರುವವರ ಮರೆವನ್ನು. ನಾಜನಿನ್ ಲಂಡನ್ನಿಗೆ ಮರಳಿದ ಕೆಲವು ದಿನಗಳ ಮೇಲೆ ಎಲ್ಲರೆದುರಿಗೆ ಮಾತಾಡುತ್ತ, ಆರು ವರ್ಷಗಳ ಹಿಂದೆಯೇ ಆಗಬೇಕಾದುದು ಇಂದು ಆಯಿತೆಂದೂ, ಅನ್ಯಾಯವಾಗಿ ಸೆರೆಯಲ್ಲಿರುವ ಉಳಿದವರು ಹೊರಗೆ ಬರುವವರೆಗೆ ತನ್ನ ಬಿಡುಗಡೆಯು ಪೂರ್ಣವಾಗದೆಂದೂ ಹೇಳಿದರು. ಅದೇ ಒಪ್ಪಂದದ ಸುತ್ತಿನಲ್ಲಿ ಮೊರಾದ್ ತಾಹಬಾಜ್ ಎಂಬ ಮತ್ತೊಬ್ಬರು ಇರಾನಿನಲ್ಲಿಯೇ ಉಳಿದುಬಿಟ್ಟಿದ್ದರು. ಅವರು ಹೊರಬಂದುದು 2023ರಲ್ಲಿ. ತಾನು ದಡಸೇರಿದ ಮೇಲೆ ನೀರಿನಲ್ಲಿರುವವನ ಕಡೆಗೆ ತಿರುಗಿ ನೋಡಿದ ಆ ತಾಯಿಯ ಮಾತು ಯಾವ ಸಮಯದವರ ಮಾತಾದರೇನು, ಅದು ಶರಣನುಡಿಯೇ.

ಬದ್ಧರಾದವರಿಗೆ ಬಂಧುಗಳಾಗುವ ಮನಸ್ಸನ್ನೂ, ಬೇಸರವಿಲ್ಲದೆ ಅವರ ಹೆಸರನ್ನು ಹೇಳುವ ನಾಲಗೆಯನ್ನೂ, ಹೇಳುವಾಗ ಸತ್ಯವನ್ನು ಮೀರದ ಎಚ್ಚರವನ್ನೂ ಪರಶಿವನು ನಮಗೆಲ್ಲರಿಗೂ ಕರುಣಿಸಲಿ.